ನೀರಿನ ಬಾಟಲಿ ರಾಕೆಟ್ ಏಕೆ ಕೈಕೊಡುತ್ತದೆ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಹತ್ತಿರ ಬಂದಂತೆ ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಪ್ರೌಢಶಾಲೆಗಳಲ್ಲಿ ವಸ್ತು ಪ್ರದರ್ಶನದ ತಯಾರಿ ನಡೆಯುತ್ತದೆ. ತಂಪು ಪಾನೀಯದ ಖಾಲಿ ಬಾಟಲಿ, ನೀರು ಮತ್ತು ಸೈಕಲ್ ಪಂಪ್ ಇದ್ದರೆ ನ್ಯೂಟನ್ನನ ಮೂರನೆಯ ನಿಯಮವನ್ನು ಕಣ್ಣೆದುರಿಗೇ ತೋರಿಸಬಹುದಾದ್ದರಿಂದ ನೀರಿನ ರಾಕೆಟ್ ಅನೇಕ ತಂಡಗಳ ಆಯ್ಕೆಯಾಗುತ್ತದೆ. ಬಾಟಲಿಗೆ ಸ್ವಲ್ಪ ನೀರು ಹಾಕಿ, ಉಡಾವಣೆಯ ಪೀಠದ ಮೇಲೆ ತಲೆಕೆಳಗಾಗಿ ಕೂರಿಸಿ, ಒಳಗೆ ಗಾಳಿ ತುಂಬಿ ಬಿಟ್ಟರೆ ನೀರು ಕೆಳಕ್ಕೆ ಚಿಮ್ಮಿ ಬಾಟಲಿ ಮೇಲೇರುತ್ತದೆ. ಆದರೆ ಮೊದಲ ಸಲಕ್ಕೇ ನೆಟ್ಟಗೆ ಹಾರುವ ರಾಕೆಟ್ ಅಪರೂಪ. ಹಾರದಿದ್ದಾಗ ಮೈದಾನದಲ್ಲಿ ಕೇಳಿಬರುವ ಮೊದಲ ಸಲಹೆ ‘ಇನ್ನಷ್ಟು ಗಾಳಿ ಹೊಡೆಯಿರಿ’ ಎಂಬುದು. ಈ ಕೈಪಿಡಿಯನ್ನು ಬರೆಯಲು ಮುಖ್ಯ ಕಾರಣ ಆ ಸಲಹೆಯೇ. ಗಾಳಿಯನ್ನು 40 ಪಿಎಸ್‌ಐನಿಂದ (ಪಂಪಿನ ಮೀಟರ್ ತೋರಿಸುವ ಒತ್ತಡದ ಅಳತೆ) 60 ಪಿಎಸ್‌ಐಗೆ ಏರಿಸಿದರೆ ಬಾಟಲಿಯ ಗೋಡೆಯ ಮೇಲಿನ ಒತ್ತಡ ಒಂದೂವರೆ ಪಟ್ಟಾಗುತ್ತದೆ; ಬಾಯಿಯಿಂದ ಚಿಮ್ಮುವ ನೀರಿನ ಆರಂಭದ ವೇಗ ಮಾತ್ರ ಸೆಕೆಂಡಿಗೆ ಸುಮಾರು 23.5 ಮೀಟರ್‌ನಿಂದ 28.8 ಮೀಟರ್‌ಗೆ ಏರುತ್ತದೆ, ಅಂದರೆ ಕಾಲು ಪಾಲಿನಷ್ಟೂ ಹೆಚ್ಚುವುದಿಲ್ಲ. ಸೋರಿಕೆ, ಅಸ್ಥಿರತೆ, ಓರೆಯಾದ ಪೀಠ ಇವು ಯಾವುವೂ ಗಾಳಿ ಹೆಚ್ಚಿಸಿದರೆ ಸರಿಹೋಗುವುದಿಲ್ಲ. ಅವು ಇನ್ನಷ್ಟು ಅಪಾಯಕಾರಿಯಾಗುತ್ತವೆ, ಅಷ್ಟೇ.

ಆದ್ದರಿಂದ ಇಲ್ಲಿ ಕಣ್ಣಿಗೆ ಬೀಳುವ, ಕಿವಿಗೆ ಕೇಳುವ ಲಕ್ಷಣಗಳಿಂದ ಆರಂಭಿಸಿ, ಖರ್ಚಿಲ್ಲದ ತಪಾಸಣೆಗಳನ್ನು ಮೊದಲು, ಬಿಚ್ಚಿ ಕಟ್ಟಬೇಕಾದ ಕೆಲಸಗಳನ್ನು ನಂತರ ಹೇಳಲಾಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನೀರು, ಗಾಳಿ, ರೆಕ್ಕೆ ಮೂರನ್ನೂ ಒಟ್ಟಿಗೆ ಬದಲಿಸಿದ ತಂಡಕ್ಕೆ ರಾಕೆಟ್ ಚೆನ್ನಾಗಿ ಹಾರಿದರೂ ಏಕೆ ಹಾರಿತೆಂದು ತಿಳಿಯುವುದಿಲ್ಲ, ಪ್ರದರ್ಶನದಲ್ಲಿ ತೀರ್ಪುಗಾರರು ಕೇಳುವುದೇ ಅದನ್ನು.

ಯಾವ ತಪಾಸಣೆಗೂ ಮುಂಚೆ

ಬಾಟಲಿ ಸೋಡಾ ಅಥವಾ ಕೋಲಾದಂತಹ ಗ್ಯಾಸ್ ಇರುವ ಪಾನೀಯದ್ದೇ ಆಗಿರಬೇಕು. ಅದರ ತಳದಲ್ಲಿ ಹೂವಿನ ದಳಗಳಂತೆ ಐದು ಉಬ್ಬುಗಳಿರುವುದು ಸಾಮಾನ್ಯ ಗುರುತು. ಕುಡಿಯುವ ನೀರಿನ ಬಾಟಲಿಗಳು ಒಳಗಿನ ಒತ್ತಡವನ್ನು ತಡೆಯಲೆಂದು ಮಾಡಿದವಲ್ಲ. ಅವುಗಳ ತಳ ಬೇಗ ಹೊರಗೆ ಉಬ್ಬಿ ಹರಿಯುತ್ತದೆ. ಗಾಜು, ಲೋಹ, ಬಕೆಟ್‌ನಂತಹ ಗಟ್ಟಿ ಪ್ಲಾಸ್ಟಿಕ್ಕಿನ ಪಾತ್ರೆಗಳನ್ನು ಎಂದಿಗೂ ಬಳಸಬಾರದು, ಏಕೆಂದರೆ ಒಡೆದಾಗ ಅವು ಚೂರುಗಳಾಗಿ ಸಿಡಿಯುತ್ತವೆ.

ಒತ್ತಡವನ್ನು 40 ಪಿಎಸ್‌ಐಗೆ ನಿಲ್ಲಿಸಿ. ಶಾಲೆಯ ಯೋಜನೆಯಲ್ಲಿ 60 ಪಿಎಸ್‌ಐ ದಾಟಲು ಯಾವ ಕಾರಣವೂ ಇಲ್ಲ. ಮೀಟರ್ ಇರುವ ಪಂಪ್ ಇಲ್ಲದಿದ್ದರೆ ಪರೀಕ್ಷೆಯನ್ನೇ ಮುಂದೂಡಿ. ಪಂಚರ್ ಅಂಗಡಿಯ ಕಂಪ್ರೆಸರ್ ಕ್ಷಣಾರ್ಧದಲ್ಲಿ ಬಾಟಲಿಯ ಮಿತಿಯನ್ನು ದಾಟಿಸಿಬಿಡುವುದರಿಂದ ಅದನ್ನು ಬಳಸುವಂತಿಲ್ಲ. ಕೈಯಿಂದ ಅಥವಾ ಕಾಲಿನಿಂದ ಹೊಡೆಯುವ ಪಂಪ್ ಮಾತ್ರ ಸರಿ. ಗಾಳಿ ಹೊಡೆಯುವವರು ಪೀಠದಿಂದ ಕನಿಷ್ಠ 5 ಮೀಟರ್, ಉಳಿದವರು 15 ಮೀಟರ್ ದೂರದಲ್ಲಿರಲಿ. ಗ್ರೈಂಡಿಂಗ್ ಕೆಲಸಗಾರರು ಹಾಕಿಕೊಳ್ಳುವ ಪಾರದರ್ಶಕ ಕನ್ನಡಕ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಪೀಠದ ಬಳಿ ಕೆಲಸ ಮಾಡುವ ಎಲ್ಲರಿಗೂ ಅದು ಬೇಕು. ಓರೆಯಾಗಿ ಹಾರಿದ ರಾಕೆಟ್ 100 ಮೀಟರ್ ದೂರಕ್ಕೂ ಹೋಗಬಲ್ಲದಾದ್ದರಿಂದ ಸುತ್ತ ರಸ್ತೆ, ವಿದ್ಯುತ್ ತಂತಿ, ಮನೆಗಳಿಲ್ಲದ ಬಯಲನ್ನು ಆರಿಸಿಕೊಳ್ಳಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ ಶಾಲೆಗಳು ವಿಮಾನ ನಿಲ್ದಾಣದ ಹತ್ತಿರವಿರುವುದರಿಂದ ಅಲ್ಲಿ ಹಾರಿಸದೆ ಬೇರೆ ಮೈದಾನಕ್ಕೆ ಹೋಗುವುದೇ ಸರಿ.

ಲಕ್ಷಣ: ಎಷ್ಟು ಹೊಡೆದರೂ ಗಾಳಿ ಏರುವುದಿಲ್ಲ

ಮೊದಲು ಪಂಪನ್ನು ಮಾತ್ರ ನೋಡಿ. ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಒಮ್ಮೆ ಹೊಡೆದಾಗ ಬೆರಳನ್ನು ನೂಕುವಷ್ಟು ಬಲ ಬರದಿದ್ದರೆ ದೋಷ ರಾಕೆಟ್ಟಿನಲ್ಲಿಲ್ಲ, ಪಂಪಿನೊಳಗಿನ ವಾಷರಿನಲ್ಲಿದೆ. ಹಳೆಯ ಪಂಪುಗಳ ಚರ್ಮದ ವಾಷರ್ ಬೇಸಿಗೆಯಲ್ಲಿ ಒಣಗಿ ಸುರುಟಿಕೊಳ್ಳುತ್ತದೆ. ಎರಡು ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತಿನ ನಂತರ ಹೊಡೆದರೆ ಅನೇಕ ವೇಳೆ ಸರಿಹೋಗುತ್ತದೆ.

ಪಂಪ್ ಸರಿಯಿದ್ದು, ಹೊಡೆಯುವುದನ್ನು ನಿಲ್ಲಿಸಿದಾಗ ಹಿಡಿಕೆ ತಾನಾಗಿಯೇ ಮೇಲಕ್ಕೆ ಬಂದರೆ ಗಾಳಿ ಹಿಂದಕ್ಕೆ ಬರುತ್ತಿದೆ ಎಂದರ್ಥ. ಸೈಕಲ್ಲಿನ ಹಳೆಯ ಮಾದರಿಯ ವಾಲ್ವ್ ಬಳಸಿದ್ದರೆ ಅದರ ಮೇಲಿನ ರಬ್ಬರಿನ ವಾಲ್ ಟ್ಯೂಬ್ ಬಿರಿದಿರುತ್ತದೆ. ಹೊಸ ತುಂಡಿಗೆ ಬಹಳ ಖರ್ಚಿಲ್ಲ, ಸೈಕಲ್ ರಿಪೇರಿ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಈ ವಾಲ್ವಿನಲ್ಲಿ ಗಾಳಿಯು ರಬ್ಬರನ್ನು ಅರಳಿಸಿಕೊಂಡು ಒಳಹೋಗಬೇಕಾದ್ದರಿಂದ ಪಂಪಿನ ಮೀಟರ್ ತೋರಿಸುವ ಅಂಕಿಯು ಬಾಟಲಿಯೊಳಗಿನ ನಿಜವಾದ ಒತ್ತಡಕ್ಕಿಂತ ಹೆಚ್ಚಿರುತ್ತದೆ ಎಂಬುದೂ ಗೊತ್ತಿರಲಿ. ಅಳತೆ ಮುಖ್ಯವಾದ ಯೋಜನೆಯಲ್ಲಿ ಮೋಟಾರ್ ಸೈಕಲ್ಲಿನ ವಾಲ್ವ್ ಉತ್ತಮ.

ಇಷ್ಟೆಲ್ಲ ಸರಿಯಿದ್ದರೂ ಗಾಳಿ ನಿಲ್ಲದಿದ್ದರೆ ಸೋರಿಕೆಯನ್ನು ಹುಡುಕಬೇಕು. ಕಿವಿಯನ್ನು ಬಾಟಲಿಯ ಹತ್ತಿರ ತರಬೇಡಿ. ಒತ್ತಡ 10 ಪಿಎಸ್‌ಐ ಮೀರದಂತೆ ನೋಡಿಕೊಂಡು ಸಾಬೂನಿನ ನೀರನ್ನು ಬಟ್ಟೆಯಿಂದ ಪ್ರತಿ ಜೋಡಣೆಯ ಮೇಲೂ ಸವರಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ. ಥ್ರೆಡ್ ಇರುವ ಕಡೆ ಗುಳ್ಳೆ ಬಂದರೆ ಟೆಫ್ಲಾನ್ ಟೇಪನ್ನು ತಿರುಪುವ ದಿಕ್ಕಿಗೇ ಸುತ್ತಿ ಬಿಗಿಗೊಳಿಸಿ. ಹೋಸಿನ ತುದಿಯಲ್ಲಿ ಬಂದರೆ ತಂತಿ ಸುತ್ತುವುದನ್ನು ಬಿಟ್ಟು ಹೋಸ್ ಕ್ಲಿಪ್ ಹಾಕಿ. ಅಂಟು ಹಾಕಿದ ಕಡೆ ಬಂದರೆ ಮೇಲೆ ಇನ್ನಷ್ಟು ಅಂಟು ಬಳಿಯುವುದರಿಂದ ಪ್ರಯೋಜನವಿಲ್ಲ. ಬಿಡಿಸಿ, ಒರೆಸಿ, ಹೊಸದಾಗಿ ಅಂಟಿಸಿ ಇಡೀ ರಾತ್ರಿ ಒಣಗಲು ಬಿಡಬೇಕು.

ಹೋಸಿನ ಬಗ್ಗೆ ನಮ್ಮ ಭಾಗದಲ್ಲಿ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಔಷಧ ಹೊಡೆಯುವ ಸ್ಪ್ರೇಯರಿನ ಪೈಪ್ ಹೆಚ್ಚಿನ ಒತ್ತಡವನ್ನು ತಡೆಯುವುದರಿಂದ ಈ ಕೆಲಸಕ್ಕೆ ಒಳ್ಳೆಯದೇ, ಆದರೆ ಅದು ಹೊಸದಾಗಿರಬೇಕು. ಹೊಲದಲ್ಲಿ ಬಳಸಿದ ಪೈಪನ್ನು ಎಷ್ಟು ತೊಳೆದರೂ ಒಳಗೆ ಕೀಟನಾಶಕದ ಅಂಶ ಉಳಿದಿರಬಹುದು, ಮತ್ತು ಉಡಾವಣೆಯ ವೇಳೆ ಮಕ್ಕಳ ಮುಖಕ್ಕೆ ಹಾರುವುದು ಅದೇ ನೀರು.

ಲಕ್ಷಣ: ಬಾಟಲಿಯ ಬಾಯಿಂದ ನೀರು ಸೋರುತ್ತದೆ, ಅಥವಾ ಪಂಪಿನೊಳಗೆ ನೀರು ಬರುತ್ತದೆ

ಬಾಯಿಂದ ಸೋರುವುದಕ್ಕೆ ಬಹುಪಾಲು ಕಾರಣ ಪೀಠದಿಂದ ಬಾಟಲಿಯೊಳಗೆ ಗಾಳಿ ಒಯ್ಯುವ ಪೈಪಿನ ಅಳತೆ. ತಂಪು ಪಾನೀಯದ ಬಾಟಲಿಯ ಬಾಯಿಯ ಒಳವ್ಯಾಸ 22 ಮಿ.ಮೀ.ಗಿಂತ ತುಸು ಕಡಿಮೆ. ಅಂಗಡಿಯಲ್ಲಿ ‘ಅರ್ಧ ಇಂಚಿನ ಪೈಪ್ ಕೊಡಿ’ ಎಂದು ಕೇಳಿದರೆ ಮೂರು ಬಗೆಯ ಪೈಪ್ ಕೈಗೆ ಬರಬಹುದು. ಮನೆಯ ನಲ್ಲಿಗೆ ಹಾಕುವ ದಪ್ಪ ಗೋಡೆಯ ಬಿಳಿ ಯುಪಿವಿಸಿ ಪೈಪಿನ ಹೊರವ್ಯಾಸ 21.3 ಮಿ.ಮೀ.; ಅದು ಬಾಟಲಿಯ ಬಾಯಿಗೆ ಸರಿಯಾಗಿ ಕೂರುತ್ತದೆ. ಹೊಲಗಳಿಗೆ ಹಾಕುವ 20 ಮಿ.ಮೀ. ಪಿವಿಸಿ ಪೈಪ್ ಸಡಿಲವಾಗುತ್ತದೆ. ಬಿಸಿನೀರಿಗೆ ಬಳಸುವ ಅರ್ಧ ಇಂಚಿನ ಸಿಪಿವಿಸಿ ಪೈಪಿನ ಹೊರವ್ಯಾಸ 15.9 ಮಿ.ಮೀ. ಮಾತ್ರ, ಅದು ಕೆಲಸಕ್ಕೇ ಬಾರದು. ಆದ್ದರಿಂದ ಖಾಲಿ ಬಾಟಲಿಯನ್ನು ಅಂಗಡಿಗೇ ತೆಗೆದುಕೊಂಡು ಹೋಗಿ ಹಾಕಿ ನೋಡುವುದು ಅತ್ಯಂತ ಅಗ್ಗದ ಪರಿಹಾರ. ಸರಿಯಾದ ಪೈಪಿನಲ್ಲೂ ತೆಳುವಾದ ಸಂದು ಉಳಿಯುತ್ತದೆ. ಅದನ್ನು ಮುಚ್ಚಲು ಪೈಪಿನ ಸುತ್ತ ತೋಡು ಕೊರೆದು ಕೂರಿಸಿದ ಓ-ರಿಂಗ್ (ರಬ್ಬರಿನ ಉಂಗುರ) ಬೇಕು. ಅದು ಸಿಗುವವರೆಗೆ ಟೆಫ್ಲಾನ್ ಟೇಪನ್ನು ಆ ಜಾಗದಲ್ಲಿ ಒತ್ತಾಗಿ ಸುತ್ತಿ, ಸಾಬೂನು ಸವರಿ ಬಾಟಲಿಯನ್ನು ಇಳಿಸಿದರೆ ಕಡಿಮೆ ಒತ್ತಡದ ಪರೀಕ್ಷೆಗಳಿಗೆ ಸಾಕಾಗುತ್ತದೆ. ಪೈಪಿನ ಬದಲು ಬಾಯಿಗೆ ಬಿರಡೆ ಒತ್ತಿ ಅದರ ಮೂಲಕ ಗಾಳಿ ತುಂಬುವವರು ಬಿರಡೆಯನ್ನೂ ಬಾಯಿಯ ಒಳಭಾಗವನ್ನೂ ಒಣಬಟ್ಟೆಯಿಂದ ಒರೆಸಿ, ತಿರುಗಿಸುತ್ತಾ ಒತ್ತಿ ಕೂರಿಸಬೇಕು.

ಪಂಪಿನೊಳಗೆ ನೀರು ಬಂದರೆ ಪೈಪಿನ ಮೇಲ್ತುದಿ ನೀರಿನ ಮಟ್ಟಕ್ಕಿಂತ ಕೆಳಗಿದೆ. ಬಾಟಲಿಯೊಳಗೆ ಪೈಪ್ ಸುಮಾರು 20 ಸೆಂ.ಮೀ. ಉದ್ದ ಇದ್ದರೆ ತುದಿ ನೀರಿನ ಮೇಲೆ ನಿಲ್ಲುತ್ತದೆ, ಜೊತೆಗೆ ಹೊರಡುವಾಗ ರಾಕೆಟ್ಟಿಗೆ ದಾರಿ ತೋರುವ ಕೆಲಸವನ್ನೂ ಆ ಪೈಪೇ ಮಾಡುತ್ತದೆ.

ಲಕ್ಷಣ: ದಾರ ಎಳೆಯುವ ಮೊದಲೇ ಹಾರಿಬಿಡುತ್ತದೆ

ಬಿರಡೆ ಮಾದರಿಯಲ್ಲಿ ಇದು ದೋಷವಲ್ಲ, ಅದರ ಸ್ವಭಾವ. ಬಿರಡೆಯನ್ನು ಹಿಡಿದಿಟ್ಟಿರುವುದು ಘರ್ಷಣೆ ಮಾತ್ರ. ಒಳಗಿನ ಒತ್ತಡ ಅದನ್ನು ಮೀರಿದ ಕ್ಷಣದಲ್ಲಿ ರಾಕೆಟ್ ಹೊರಡುತ್ತದೆ. ಪ್ರತಿ ಸಲವೂ ಬೇರೆ ಬೇರೆ ಒತ್ತಡಕ್ಕೆ ಹೊರಡುವುದರಿಂದ ತರಗತಿಯಲ್ಲಿ ತತ್ವ ತೋರಿಸಲು ಅದು ಸಾಕು, ಆದರೆ ನೀರು ಎಷ್ಟಿದ್ದರೆ ಎಷ್ಟು ಎತ್ತರ ಎಂಬಂತಹ ಅಳತೆಯ ಯೋಜನೆಗೆ ಹೊಂದುವುದಿಲ್ಲ. ಬಿರಡೆಯನ್ನು ಸುತ್ತಿಗೆಯಿಂದ ಬಡಿದು ಬಿಗಿಗೊಳಿಸುವುದನ್ನು ಯಾರೂ ಮಾಡಬಾರದು, ಹಾಗೆ ಮಾಡಿದರೆ ಬಿರಡೆಗಿಂತ ಮೊದಲು ಬಾಟಲಿ ಸೋಲುವ ಸಂಭವವಿದೆ.

ಕೇಬಲ್ ಟೈಗಳ ತಲೆಗಳು ಬಾಟಲಿಯ ಕುತ್ತಿಗೆಯ ಅಂಚನ್ನು ಹಿಡಿದು, ಅವುಗಳ ಮೇಲೆ ದೊಡ್ಡ ಪೈಪಿನ ಬಳೆಯೊಂದು ಕೂತು, ದಾರ ಎಳೆದಾಗ ಅದು ಕೆಳಗೆ ಜಾರಿ ಬಾಟಲಿಯನ್ನು ಬಿಡುವ ಮಾದರಿಯಲ್ಲಿ ಹೀಗಾದರೆ, ಬಳೆ ಸಡಿಲವಾಗಿದೆ ಅಥವಾ ಪೂರ್ತಿ ಮೇಲೆ ಏರಿಲ್ಲ. 40 ಪಿಎಸ್‌ಐನಲ್ಲಿ ಬಾಟಲಿಯನ್ನು ಮೇಲಕ್ಕೆ ನೂಕುವ ಬಲ ಸುಮಾರು 10 ಕಿಲೋ ತೂಕಕ್ಕೆ ಸಮ. ಒಂದೆರಡು ಟೈ ತುಂಡಾಗಿದ್ದರೆ ಉಳಿದವು ಆ ಬಲವನ್ನು ಒಂದೇ ಬದಿಗೆ ಹೊತ್ತು ಬಾಟಲಿಯನ್ನು ಓರೆ ಮಾಡುತ್ತವೆ. ಟೈಗಳನ್ನೆಲ್ಲ ಒಟ್ಟಿಗೆ ಬದಲಿಸಿ.

ಲಕ್ಷಣ: ದಾರ ಎಳೆದರೂ ಹಾರುವುದಿಲ್ಲ

ಈ ಕೈಪಿಡಿಯಲ್ಲಿ ಅತ್ಯಂತ ಗಂಭೀರವಾದ ಲಕ್ಷಣ ಇದೇ. ಒಳಗೆ ಪೂರ್ತಿ ಗಾಳಿ ಇದೆ, ಹಿಡಿತ ಅರೆಬರೆ ಬಿಚ್ಚಿರಬಹುದು, ಯಾವ ಕ್ಷಣದಲ್ಲಿ ಹೊರಡುತ್ತದೆಂದು ಹೇಳಲಾಗದು. ಇಂತಹ ಹೊತ್ತಿನಲ್ಲಿ ‘ಏನಾಯಿತು ನೋಡೋಣ’ ಎಂದು ಯಾರೋ ಒಬ್ಬರು ಓಡಿಹೋಗಿ ಬಾಟಲಿಯ ಮೇಲೆ ಬಗ್ಗುವುದು ಸಹಜ, ಮುಖಕ್ಕೆ ಪೆಟ್ಟು ಬೀಳುವುದೂ ಹಾಗೆಯೇ. ಆದ್ದರಿಂದ ಪರೀಕ್ಷೆ ಆರಂಭಿಸುವ ಮೊದಲೇ ಒಬ್ಬರನ್ನು ಮೈದಾನದ ಹೊಣೆಗಾರರನ್ನಾಗಿ ಮಾಡಿ, ಅವರು ಹೇಳುವವರೆಗೆ ಯಾರೂ ಗೆರೆ ದಾಟದಂತೆ ಮಾತಾಗಿರಲಿ.

ಮೊದಲು ಅದೇ ದೂರದಿಂದ, ಅದೇ ದಿಕ್ಕಿನಿಂದ ದಾರವನ್ನು ಮತ್ತೊಮ್ಮೆ ನೇರವಾಗಿ ಎಳೆಯಿರಿ. ಆಗಲೂ ಬಾರದಿದ್ದರೆ ಗಾಳಿ ಇಳಿಸಬೇಕು. ಅದಕ್ಕೆ ದಾರಿ ಇದೆಯೇ ಇಲ್ಲವೇ ಎಂಬುದು ನೀವು ವಾಲ್ವನ್ನು ಎಲ್ಲಿ ಇಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಬಿರಡೆಯಲ್ಲೇ ಅಥವಾ ಪೀಠದಲ್ಲೇ ವಾಲ್ವ್ ಇದ್ದರೆ ಪಂಪನ್ನು ಕಿತ್ತರೂ ಬಾಟಲಿಯ ಗಾಳಿ ಒಳಗೇ ಉಳಿಯುತ್ತದೆ. ಆ ವಾಲ್ವನ್ನು ಹೋಸಿನ ಇನ್ನೊಂದು ತುದಿಗೆ, ಅಂದರೆ ಪಂಪಿನ ಬಳಿಗೆ ಒಯ್ದು, ವಾಲ್ವ್ ಮತ್ತು ಬಾಟಲಿಯ ನಡುವೆ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಸಣ್ಣ ಬಾಲ್ ವಾಲ್ವ್ (ಹಿಡಿ ತಿರುಗಿಸಿ ತೆರೆಯುವ ನಲ್ಲಿ) ಜೋಡಿಸಿದರೆ 5 ಮೀಟರ್ ದೂರದಲ್ಲೇ ನಿಂತು ಗಾಳಿಯನ್ನು ಪೂರ್ತಿ ಬಿಡಬಹುದು. ಇಡೀ ಯೋಜನೆಯಲ್ಲಿ ಹಣ ಖರ್ಚು ಮಾಡಲೇಬೇಕಾದ ಒಂದು ಭಾಗ ಇದ್ದರೆ ಅದು ಈ ಟೀ ಮತ್ತು ಬಾಲ್ ವಾಲ್ವ್. ರೆಕ್ಕೆಯ ಬಣ್ಣ, ಮೂತಿಯ ಅಲಂಕಾರ ಇವೆಲ್ಲ ಅದರ ನಂತರದ ಮಾತು.

ಬಾಲ್ ವಾಲ್ವ್ ಇಲ್ಲದೆ ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಮಕ್ಕಳನ್ನು ಇನ್ನೂ ಹಿಂದಕ್ಕೆ ಕಳಿಸಿ, ಅರ್ಧ ಗಂಟೆಯಾದರೂ ಕಾಯಿರಿ. ಸಣ್ಣ ಸೋರಿಕೆ ಇದ್ದರೆ ಒತ್ತಡ ತಾನಾಗಿ ಇಳಿಯುತ್ತದೆ. ನಂತರವೂ ಅನುಮಾನವಿದ್ದರೆ ಶಿಕ್ಷಕರೊಬ್ಬರೇ, ಮುಖಗವಚ ಇಳಿಸಿದ ಬೈಕ್ ಹೆಲ್ಮೆಟ್ ಹಾಕಿಕೊಂಡು, ಬದಿಯಿಂದ ಬಂದು ಉದ್ದನೆಯ ಬಿದಿರಿನ ಗಳದಿಂದ ಬಳೆಯನ್ನು ಕೆಳಗೆ ಒತ್ತಬೇಕು. ಬಾಟಲಿಯನ್ನು ಕೋಲಿನಿಂದ ಬಡಿಯುವುದಾಗಲಿ, ಕಲ್ಲು ಹೊಡೆಯುವುದಾಗಲಿ, ಅದರ ನೇರಕ್ಕೆ ನಿಲ್ಲುವುದಾಗಲಿ ಕೂಡದು.

ಗಾಳಿ ಪೂರ್ತಿ ಇಳಿದ ಮೇಲೆ ಕಾರಣ ನೋಡಿ. ಬಳೆಯ ಒಳಗೆ ಮಣ್ಣು ಸೇರಿರುವುದು ಸಾಮಾನ್ಯ. ಎರೆಭೂಮಿಯ ಜಿಗುಟು ಮಣ್ಣು ಒಮ್ಮೆ ಒದ್ದೆಯಾಗಿ ಒಣಗಿದರೆ ಬಳೆ ಜಾರುವುದೇ ಇಲ್ಲ. ಪ್ರತಿ ಉಡಾವಣೆಯ ನಂತರ ತೊಳೆಯಿರಿ. ದಾರವನ್ನು ಒಂದೇ ಬದಿಗೆ ಕಟ್ಟಿದ್ದರೆ ಬಳೆ ಓರೆಯಾಗಿ ಕಚ್ಚಿಕೊಳ್ಳುತ್ತದೆ, ಎರಡೂ ಬದಿಗೆ ಕಟ್ಟಿ ದಾರಗಳನ್ನು ನೆಲದ ಕೊಕ್ಕೆಯ ಮೂಲಕ ತಂದರೆ ಅದು ನೇರವಾಗಿ ಕೆಳಗೆ ಬರುತ್ತದೆ.

ಲಕ್ಷಣ: ಹೊರಡುತ್ತದೆ, ಆದರೆ ಎತ್ತರ ಹೋಗುವುದಿಲ್ಲ

ಬಿದ್ದ ಬಾಟಲಿಯನ್ನು ಎತ್ತಿ ಅಲುಗಾಡಿಸಿ. ಒಳಗೆ ನೀರು ಉಳಿದಿದ್ದರೆ ನೀರು ಹೆಚ್ಚಾಗಿದೆ, ಅಥವಾ ಆ ನೀರಿಗೆ ಗಾಳಿ ಕಡಿಮೆಯಾಗಿದೆ. ನೀರು ಹೆಚ್ಚಾದಷ್ಟೂ ಗಾಳಿಗೆ ಉಳಿಯುವ ಜಾಗ ಕಡಿಮೆ. ನೀರು ಹೊರಹೋಗುತ್ತಾ ಗಾಳಿ ಹಿಗ್ಗಿದಂತೆ ಬಾಯ್ಲನ ನಿಯಮ ಹೇಳುವ ಹಾಗೆ ಒತ್ತಡ ಬೇಗ ಕುಸಿದು, ಕೊನೆಯ ನೀರನ್ನು ನೂಕಲು ಬಲವೇ ಇರುವುದಿಲ್ಲ. ಬದಲಿಗೆ ‘ಫಟ್’ ಎಂಬ ಸದ್ದಿನೊಂದಿಗೆ ಒಮ್ಮೆಲೇ ಖಾಲಿಯಾಗಿ ಹತ್ತಿರದಲ್ಲೇ ಬಿದ್ದರೆ ನೀರು ಕಡಿಮೆಯಾಗಿದೆ. ಹಗುರವಾದ ಗಾಳಿ ಮಾತ್ರ ಹೊರಹೋದರೆ ಅದು ಕೊಡುವ ನೂಕುಬಲ ಬಹಳ ಹೊತ್ತು ನಿಲ್ಲದು. ನೀರು ಮುಗಿದ ಮೇಲೆ ಬಾಯಿಂದ ಬಿಳಿ ಮಂಜು ಕಂಡರೆ ಗಾಬರಿ ಬೇಡ. ಉಳಿದ ಗಾಳಿ ಒಮ್ಮೆಲೇ ಹಿಗ್ಗಿ ತಣ್ಣಗಾದಾಗ ತೇವಾಂಶ ಹನಿಗಟ್ಟುವುದರಿಂದ ಅದು ಕಾಣಿಸುತ್ತದೆ, ಮತ್ತು ಅದು ಒಳ್ಳೆಯ ಲಕ್ಷಣ.

ಬಾಟಲಿಯ ಗಾತ್ರದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ನೀರು ಹಾಕಿ ಆರಂಭಿಸಿ. ಅಂದರೆ 1.25 ಲೀಟರ್ ಬಾಟಲಿಗೆ 300ರಿಂದ 400 ಮಿ.ಲೀ., 2.25 ಲೀಟರ್ ಬಾಟಲಿಗೆ 550ರಿಂದ 750 ಮಿ.ಲೀ. ಒತ್ತಡವನ್ನು ಬದಲಿಸದೆ ನೀರನ್ನು 100 ಮಿ.ಲೀ.ನಂತೆ ಬದಲಿಸುತ್ತಾ, ಪ್ರತಿ ಅಳತೆಗೂ ಮೂರು ಸಲ ಹಾರಿಸಿ ಸರಾಸರಿ ತೆಗೆಯಿರಿ. ಎತ್ತರ ಅಳೆಯಲು ಕೋನಮಾಪಕಕ್ಕೆ ದಾರ ಮತ್ತು ಸಣ್ಣ ತೂಕ ಕಟ್ಟಿ, ಪೀಠದಿಂದ 30 ಮೀಟರ್ ದೂರದಲ್ಲಿ ನಿಂತು ನೋಡಿ. ತುತ್ತತುದಿಯಲ್ಲಿ ಕೋನ 45 ಡಿಗ್ರಿ ಇದ್ದರೆ ಎತ್ತರ 30 ಮೀಟರ್, ಅದಕ್ಕೆ ನೋಡುವವರ ಕಣ್ಣಿನ ಎತ್ತರವನ್ನು ಕೂಡಿಸಬೇಕು. ಬೇರೆ ಕೋನಗಳಿಗೆ ಹತ್ತನೆಯ ತರಗತಿಯ ತ್ರಿಕೋನಮಿತಿ ಸಾಕು.

ಲಕ್ಷಣ: ಮೇಲೆ ಹೋಗಿ ಪಲ್ಟಿ ಹೊಡೆಯುತ್ತದೆ

ನೀರು ಸೆಕೆಂಡಿನ ಒಂದು ಸಣ್ಣ ಭಾಗದಲ್ಲೇ ಹೊರಹೋಗಿಬಿಡುತ್ತದೆ. ಉಳಿದ ಹಾರಾಟವೆಲ್ಲ ಖಾಲಿ ಬಾಟಲಿಯದ್ದು, ಆದ್ದರಿಂದ ಸ್ಥಿರತೆಯನ್ನು ಖಾಲಿ ರಾಕೆಟ್ಟಿನಲ್ಲೇ ಪರೀಕ್ಷಿಸಬೇಕು. ನಿಯಮ ಸರಳ: ಗುರುತ್ವ ಕೇಂದ್ರವು ಒತ್ತಡ ಕೇಂದ್ರಕ್ಕಿಂತ (ಎದುರು ಗಾಳಿಯ ಒತ್ತೆಲ್ಲ ಒಟ್ಟಾಗಿ ಬೀಳುವಂತಿರುವ ಜಾಗ) ಮೂತಿಯ ಕಡೆಗೆ ಇರಬೇಕು, ಎರಡರ ನಡುವೆ ಬಾಟಲಿಯ ದಪ್ಪದಷ್ಟಾದರೂ ಅಂತರವಿರಬೇಕು. ರಾಕೆಟ್ಟನ್ನು ಬೆರಳಿನ ಮೇಲೆ ಅಡ್ಡಲಾಗಿ ನಿಲ್ಲಿಸಿದರೆ ಸಮತೋಲವಾಗುವ ಜಾಗ ಗುರುತ್ವ ಕೇಂದ್ರ. ರಾಕೆಟ್ಟಿನ ಪಾರ್ಶ್ವರೂಪವನ್ನು ರಟ್ಟಿನಲ್ಲಿ ಕತ್ತರಿಸಿ ಅದನ್ನು ಹಾಗೆಯೇ ನಿಲ್ಲಿಸಿದರೆ ಒತ್ತಡ ಕೇಂದ್ರದ ಅಂದಾಜು ಸಿಗುತ್ತದೆ.

ಇನ್ನೂ ಸುಲಭವಾದದ್ದು ದಾರದ ಪರೀಕ್ಷೆ. ಗುರುತ್ವ ಕೇಂದ್ರದಲ್ಲಿ ಎರಡು ಮೀಟರ್ ದಾರವನ್ನು ಕಟ್ಟಿ, ಜಾರದಂತೆ ಟೇಪ್ ಹಚ್ಚಿ, ತೆರೆದ ಜಾಗದಲ್ಲಿ ತಲೆಯ ಮೇಲೆ ವೃತ್ತಾಕಾರವಾಗಿ ತಿರುಗಿಸಿ. ಮೂತಿ ಮುಂದಾಗಿ ಸುತ್ತಿದರೆ ರಾಕೆಟ್ ಸ್ಥಿರವಾಗಿದೆ; ಅಡ್ಡಲಾಗಿ ಅಥವಾ ಹಿಂದುಮುಂದಾಗಿ ಸುತ್ತಿದರೆ ಮೈದಾನದಲ್ಲೂ ಅದು ಹಾಗೆಯೇ ಮಾಡುತ್ತದೆ. ಮೊದಲ ಪರಿಹಾರವಾಗಿ ಮೂತಿಯೊಳಗೆ ಸ್ವಲ್ಪ ಜೇಡಿಮಣ್ಣು ಸೇರಿಸಿ, ಕಲ್ಲು ಅಥವಾ ನಟ್-ಬೋಲ್ಟ್ ಮಾತ್ರ ಹಾಕಬೇಡಿ, ಅದು ಯಾರ ತಲೆಯ ಮೇಲಾದರೂ ಬೀಳಬಹುದು. ಅದರಿಂದ ಆಗದಿದ್ದರೆ ರೆಕ್ಕೆಗಳನ್ನು ಬಾಟಲಿಯ ಕುತ್ತಿಗೆಯ ಕಡೆಗೆ ಸರಿಸಿ, ಅದಾದ ಮೇಲೆಯೇ ರೆಕ್ಕೆ ದೊಡ್ಡದು ಮಾಡುವ ಯೋಚನೆ ಮಾಡಿ. ಬೋರ್ಡ್ ಬರೆಯುವವರ ಬಳಿ ಉಳಿಯುವ ಸನ್‌ಪ್ಯಾಕ್ ಶೀಟಿನ (ಹಗುರವಾದ ಪ್ಲಾಸ್ಟಿಕ್ ಹಾಳೆ) ತುಂಡುಗಳು ರೆಕ್ಕೆಗೆ ಚೆನ್ನಾಗಿ ಒದಗುತ್ತವೆ, ನೀರು ತಾಗಿದರೂ ರಟ್ಟಿನಂತೆ ಮೆತ್ತಗಾಗುವುದಿಲ್ಲ.

ಲಕ್ಷಣ: ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತದೆ

ಪೀಠವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾರಿಸಿ. ವಾಲುವ ದಿಕ್ಕೂ ತಿರುಗಿದರೆ ಪೀಠ ಓರೆಯಾಗಿದೆ ಅಥವಾ ರೆಕ್ಕೆ ಯಾವುದಕ್ಕೋ ತಾಗುತ್ತಿದೆ. ಬೇಸಿಗೆಯ ಎರೆಭೂಮಿ ಬಿರಿದು ಬಾಯಿಬಿಟ್ಟಿರುವಾಗ ನೆಟ್ಟ ಗೂಟ ನಿಲ್ಲುವುದಿಲ್ಲ, ಮೊದಲ ಎಳೆತಕ್ಕೇ ಪೀಠ ಬಾಗುತ್ತದೆ. ಮಸಾರಿ ನೆಲ ಇದ್ದರೆ ಅಲ್ಲಿಗೆ ಹೋಗಿ, ಇಲ್ಲವೇ ಪೀಠವನ್ನು ಅಗಲವಾದ ಹಲಗೆಗೆ ಬಿಗಿದು ಮೇಲೆ ಇಟ್ಟಿಗೆ ಹೇರಿ.

ದಿಕ್ಕು ಬದಲಾಗದಿದ್ದರೆ ಕಾರಣ ಗಾಳಿ ಬೀಸುವಿಕೆ. ರೆಕ್ಕೆಯ ಮೇಲೆ ಗಾಳಿ ಒತ್ತುವುದರಿಂದ ರಾಕೆಟ್ ಗಾಳಿ ಬರುವ ದಿಕ್ಕಿಗೇ ಮೂತಿ ತಿರುಗಿಸುತ್ತದೆ. ನಿಧಾನವಾಗಿ ಹೊರಡುವ, ರೆಕ್ಕೆ ಅತಿ ದೊಡ್ಡದಾದ ರಾಕೆಟ್ಟಿನಲ್ಲಿ ಇದು ಹೆಚ್ಚು. ಕಪ್ಪತಗುಡ್ಡದಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವ ಗದಗ ಜಿಲ್ಲೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಲವಾಗಿರುವುದರಿಂದ ಆ ತಿಂಗಳುಗಳಲ್ಲಿ ಅಳತೆಯ ಪ್ರಯೋಗ ಕಷ್ಟ. ಬೇರೆ ಕಾಲದಲ್ಲೂ ಬೆಳಗಿನ ಶಾಂತ ಹೊತ್ತನ್ನೇ ಆರಿಸಿಕೊಳ್ಳಿ.

ಲಕ್ಷಣ: ಬಾಟಲಿಯ ಮೇಲೆ ಬಿಳಿ ಗೆರೆ, ಮಡಿಕೆ, ಉಬ್ಬು

ಇದಕ್ಕೆ ದುರಸ್ತಿ ಇಲ್ಲ, ಬಾಟಲಿಯನ್ನು ತೆಗೆದುಹಾಕಬೇಕು. ಬಿಳಿಚಿದ ಗೆರೆಯೆಂದರೆ ಆ ಜಾಗದಲ್ಲಿ ಪ್ಲಾಸ್ಟಿಕ್ ಎಳೆದು ದುರ್ಬಲವಾಗಿದೆ. ಕೊಯ್ಲಾದ ಜೋಳದ ಹೊಲದಲ್ಲಿ ಬಿದ್ದರೆ ಕೂಳೆ ಚುಚ್ಚಿ ಕಣ್ಣಿಗೆ ಕಾಣದ ಗೀರು ಬಿದ್ದಿರಬಹುದು, ಬೆರಳು ಸವರಿ ನೋಡಿ. ಗ್ಲೂ ಗನ್ನಿನ ಬಿಸಿ ಅಂಟು ಬಾಟಲಿಯನ್ನು ಸುಕ್ಕುಗಟ್ಟಿಸುತ್ತದೆ. ರೆಕ್ಕೆಗಳನ್ನು ಒತ್ತಡದ ಬಾಟಲಿಗೆ ನೇರವಾಗಿ ಅಂಟಿಸದೆ, ಇನ್ನೊಂದು ಬಾಟಲಿಯಿಂದ ಕತ್ತರಿಸಿದ ಬಳೆಗೆ ಅಂಟಿಸಿ, ಆ ಬಳೆಯನ್ನು ಟೇಪಿನಿಂದ ಕಟ್ಟಿದರೆ ಈ ತೊಂದರೆಯೇ ಬರುವುದಿಲ್ಲ. ಗಾಳಿ ತುಂಬಿದ ಬಾಟಲಿಯನ್ನು ಬಿಸಿಲಿನಲ್ಲಿ ಬಿಡಬೇಡಿ. ಹೊಸ ಬಾಟಲಿಯನ್ನು ಪರೀಕ್ಷಿಸಬೇಕಾದರೆ ಅದರಲ್ಲಿ ಗಾಳಿಗೆ ಜಾಗವೇ ಉಳಿಯದಂತೆ ನೀರು ತುಂಬಿ ಒತ್ತಡ ಕೊಡಿ. ನೀರು ಗಾಳಿಯಂತೆ ಕುಗ್ಗಿ ಶಕ್ತಿ ಹಿಡಿದಿಡುವುದಿಲ್ಲವಾದ್ದರಿಂದ, ಬಾಟಲಿ ಹರಿದರೂ ಸ್ಫೋಟವಾಗದೆ ನೀರು ಚೆಲ್ಲಿ ನಿಲ್ಲುತ್ತದೆ.

ಇಲ್ಲಿಗೆ ನಿಲ್ಲಿಸಿ, ಬೇರೆಯವರನ್ನು ಕರೆಯಿರಿ

ರಾಕೆಟ್ ವಿದ್ಯುತ್ ತಂತಿಗೆ ಸಿಕ್ಕಿಕೊಂಡರೆ ಅದನ್ನು ಮರೆತುಬಿಡಿ. ಕೋಲು, ಗಳ, ದಾರ ಯಾವುದರಿಂದಲೂ ಎಳೆಯದೆ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂನ 1912 ಸಂಖ್ಯೆಗೆ ತಿಳಿಸಿ. ಒತ್ತಡದ ನೀರು ಅಥವಾ ಬಾಟಲಿ ಕಣ್ಣಿಗೆ ತಾಗಿದರೆ ಕಣ್ಣನ್ನು ಉಜ್ಜದೆ, ನೋವು ಕಡಿಮೆಯೆನಿಸಿದರೂ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಸೋರಿಕೆ ಎರಡು ಸಲ ಜೋಡಿಸಿದ ಮೇಲೂ ನಿಲ್ಲದಿದ್ದರೆ ಪೀಠವನ್ನು ಪ್ಲಂಬರ್ ಒಬ್ಬರಿಗೆ ತೋರಿಸಿ. ಪೈಪ್ ಜೋಡಣೆಯ ದೋಷವನ್ನು ಅವರು ನೋಡಿದ ಕೂಡಲೇ ಹೇಳುತ್ತಾರೆ. ಸ್ಥಿರತೆ ಮತ್ತು ಅಳತೆಯ ಪ್ರಶ್ನೆಗಳಿಗೆ ನಿಮ್ಮ ಭೌತಶಾಸ್ತ್ರದ ಶಿಕ್ಷಕರನ್ನು, ಧಾರವಾಡಕ್ಕೆ ಹೋಗುವ ಅವಕಾಶವಿದ್ದರೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರದವರನ್ನು ಕೇಳಬಹುದು. ಹೋಗುವಾಗ ಬಾಟಲಿಯ ಗಾತ್ರ, ಖಾಲಿ ರಾಕೆಟ್ಟಿನ ತೂಕ, ನೀರು, ಒತ್ತಡ, ಬಿದ್ದ ದಿಕ್ಕು ಮತ್ತು ಆ ದಿನದ ಗಾಳಿಯನ್ನು ಬರೆದಿಟ್ಟ ವಹಿಯನ್ನು ಜೊತೆಗೆ ಒಯ್ಯಿರಿ.